ನೀರು ಉಳಿಸಿದ ಅರವಟ್ಟಿಗೆ

ಸನ್ಮಾನ್ಯ ಅಧ್ಯಕ್ಷರೇ, ಈ ಮೇ ತಿಂಗಳಲ್ಲೂ ಉಣ್ಣೆಯ ಶಾಲು ಹೊದ್ದು ನಗುತ್ತಿರುವ ಡಾಕ್ಟರ್ ಜಯಂತ ಸರ್ ಅವರೇ, ಕೂಲರ್ ಎದುರಿನ ಕುರ್ಚಿ ಹಿಡಿಯಲು ಬೇಗ ಬಂದ ನಾಗಪುರದ ಕನ್ನಡ ಬಂಧುಗಳೇ, ತಡವಾಗಿ ಬಂದು ಗೋಡೆಗೆ ಒರಗಿದ ಸಭಿಕರೇ,

ಜಯಂತ ಸರ್ ಅವರ ಇಂಜಿನಿಯರಿಂಗ್ ಕಾಲೇಜಿಗೆ ಸುಸ್ಥಿರ ಪ್ರಾದೇಶಿಕ ಅಭಿವೃದ್ಧಿಯ ಪ್ರಶಸ್ತಿ ಬಂದಿದೆ. ಅಭಿನಂದನೆಯ ಮಾತು ನೀನೇ ಆಡು ಎಂದರು ಸಂಘದವರು. ನಾನೇ ಯಾಕೆ? ಪ್ರಶಸ್ತಿ ತಂದುಕೊಟ್ಟ ಕುಡಿಯುವ ನೀರಿನ ಯಂತ್ರ ನಿಂತಿರುವುದು ನಮ್ಮ ನಾಗಪುರದಂಚಿನ ವಾಡಿಯಲ್ಲಿ, ನನ್ನ ಗೋದಾಮಿನ ಬಾಗಿಲಲ್ಲಿ. ಉನ್ನತ ಶಿಕ್ಷಣ ನಮ್ಮ ಬಾಗಿಲಿಗೇ ಬಂದು ನಿಂತರೆ ಬೇಡ ಎನ್ನಲಾದೀತೇ?

ಆ ಜಾಗದಲ್ಲಿ ಮೊದಲು ನನ್ನ ಹೆಂಡತಿ ಚಂಪಾಳ ಅರವಟ್ಟಿಗೆ ಇತ್ತು. ಇಲ್ಲಿಯವರು ಪಾಣಪೋಯಿ ಅನ್ನುತ್ತಾರೆ. ಮದುವೆಯಾಗಿ ಬಂದ ಮೊದಲ ಬೇಸಿಗೆಯಲ್ಲೇ, ಹಮಾಲರು ಏರ್ ಕೂಲರಿನ ತೊಟ್ಟಿಯ ನೀರು ಕುಡಿಯುವುದನ್ನು ನೋಡಿ, ದೊಡ್ಡ ಮಣ್ಣಿನ ಮಡಕೆಗಳನ್ನಿಟ್ಟು ಒದ್ದೆ ಗೋಣಿತಾಟು ಸುತ್ತಿದಳು. ಆಮೇಲೆ ವಾಡಿಯಲ್ಲಿ ನನ್ನ ಗೋದಾಮಿನ ವಿಳಾಸವೇ ಬದಲಾಯಿತು. "ಚಂಪಾ ಭಾಭಿ ಕೆ ಮಟಕೆ ಕೆ ಪಾಸ್", ಚಂಪಾ ಅತ್ತಿಗೆಯ ಮಡಕೆ ಹತ್ತಿರ, ಎಂದರೆ ಲಾರಿ ಸೀದಾ ಬರುತ್ತಿತ್ತು. ಬಾಡಿಗೆ ಕಟ್ಟುವವನು ನಾನು, ಬೋರ್ಡ್ ಬರೆಸಿದವನು ನಾನು. ಇರಲಿ, ಅದು ಬೇರೆ ವಿಷಯ.

ಜಯಂತ ಸರ್ ಬಂದರು, ವಿದ್ಯಾರ್ಥಿಗಳೂ ಬಂದರು. ಮಡಕೆಗಳ ಫೋಟೋ ತೆಗೆದರು.

"ಉದಯ್ ಅವರೇ, ಇದು ಹಳೇ ಪದ್ಧತಿ. ಇದರಿಂದ ಡೇಟಾ ಬರಲ್ಲ" ಎಂದರು ಸರ್ ನನಗೆ.

ಚಂಪಾ ಅಂದಳು, "ಡೇಟಾ ಯಾಕ ಬರಬೇಕ್ರಿ ಸರ? ನೀರ ಬಂದರ ಸಾಕಲ್ಲ?"

ವಿದ್ಯಾರ್ಥಿಗಳು ನಕ್ಕರು. ನಾನೂ ನಕ್ಕೆ, ಯಾಕೆಂದರೆ ಯಂತ್ರದ ಮೇಲೆ ನನ್ನ ಹೆಸರು ಹಾಕುತ್ತೇವೆ ಎಂದಿದ್ದರು. ಮಡಕೆಗಳು ಒಳಗೆ ಹೋದವು, ಯಂತ್ರ ಬಂತು, ಹೆಸರೂ ಹಾಕಿದ್ದಾರೆ. ಅಕ್ಷರ ಚಲೋ ಬಂದಿವೆ, ಅಮರಾವತಿ ರಸ್ತೆಯಿಂದಲೇ ಕಾಣುತ್ತವೆ.

ಯಂತ್ರವೂ ಚಲೋ ಐತಿ. ಸೌರಶಕ್ತಿ ಐತಿ, ಸೆನ್ಸರ್ ಐತಿ, ತಣ್ಣೀರೂ ಐತಿ. ಕುಡಿಯಬೇಕಾದವನು ಮೊಬೈಲ್ ನಂಬರ್ ಒತ್ತಬೇಕು, ಓಟಿಪಿ ಬರಬೇಕು, ಅದನ್ನೂ ಒತ್ತಬೇಕು. ನೀರು ಪೋಲಾಗಬಾರದಲ್ಲ! ಮೂಟೆ ಹೊರುವಾಗ ಫೋನನ್ನು ಅಂಗಿಯ ಜೊತೆ ಗೂಟಕ್ಕೆ ತಗುಲಿಸಿ ಬರುವ ಹಮಾಲರು ದೂರದಿಂದಲೇ ಯಂತ್ರಕ್ಕೆ ಕೈ ಮುಗಿದು ಹೋದರು.

ಈ ತಿಂಗಳ ಮೊದಲಲ್ಲಿ ಹುಬ್ಬಳ್ಳಿ ಕಡೆಯಿಂದ ಮಲ್ಲೇಶಪ್ಪ ಲಾರಿ ತಂದ. ವರ್ಷಗಳಿಂದ ಬರುವ ಡ್ರೈವರ್. ಬಿಸಿಲಿಗೆ ಅವನ ಫೋನ್ ಬಂದ್ ಆಗಿತ್ತು.

"ಅಣ್ಣಾರ, ಇದು ನಂಬರ್ ಕೇಳಾಕತ್ತೈತಿ. ನೀರಡಿಕಿ ಆಗಿದ್ದು ನನಗ್ರಿ, ಫೋನಿಗಲ್ಲ."

"ತಡಿಯೋ ಮಾರಾಯಾ, ನನ್ನ ನಂಬರ್ ಹಾಕ್ತೀನಿ" ಎಂದೆ. ನನ್ನ ಫೋನಿಗೆ ಓಟಿಪಿ ಬರುವಷ್ಟರಲ್ಲಿ ಮಲ್ಲೇಶಪ್ಪ ನೆಲಕ್ಕೆ ಬಿದ್ದಿದ್ದ. ಚಂಪಾ ಒಳಗಿನಿಂದ ಬಿಂದಿಗೆ ಹಿಡಿದು ಓಡಿ ಬಂದಳು, ತಲೆಗೆ ಸುರಿದಳು. ಆಸ್ಪತ್ರೆಗೆ ಸೇರಿಸಿದೆವು. ಬದುಕಿದ. ಆ ಹೊತ್ತಿನಿಂದ ಚಂಪಾ ನನಗೆ ಊಟ ಬಡಿಸುತ್ತಾಳೆ, ಮಾತು ಬಡಿಸುವುದಿಲ್ಲ.

ಸರ್‌ಗೆ ಫೋನ್ ಮಾಡಿದೆ. ಅವರು ನನಗಿಂತ ಮೊದಲೇ ಶುರು ಮಾಡಿದರು: "ಅದ್ಭುತ, ಉದಯ್ ಅವರೇ! ಮಡಕೆಗಳಿಗೆ ಹೋಲಿಸಿದರೆ ನೀರಿನ ಬಳಕೆ ಕಾಲು ಭಾಗಕ್ಕೆ ಇಳಿದಿದೆ. ಎಷ್ಟೊಂದು ಉಳಿತಾಯ!"

ಸಭಿಕರೇ, ಹೀಗೆ ಉಳಿದ ನೀರಿಗೇ ಈ ಪ್ರಶಸ್ತಿ. ಯಾರೂ ಕುಡಿಯದಿದ್ದರೆ ನೀರು ಉಳಿಯುತ್ತದೆ ಎಂದು ಸಾಬೀತುಮಾಡಲು ಎಷ್ಟು ಪಿಎಚ್‌ಡಿ ಬೇಕು? ಚಪ್ಪಾಳೆ ಬೇಡ, ಈಗಾಗಲೇ ಜಾಸ್ತಿ ಆಗಿದೆ.

ಇಂಥದ್ದೇ ಇನ್ನೊಂದು ಯಂತ್ರ ಸೋಮವಾರ ಇಲ್ಲಿಯ ಸದರ್ ಬಡಾವಣೆಯ ಒಂದು ಆಸ್ಪತ್ರೆಯ ಬಾಗಿಲಿಗೆ ಬರಲಿದೆಯಂತೆ. ಅಲ್ಲಿ ರೋಗಿಗಳ ಕಡೆಯವರು ಕಾಯುತ್ತಾ ಕೂತಿರುತ್ತಾರೆ. ವಾಡಿಯಲ್ಲಿ ಎಲ್ಲ ಬರೋಬರ್ ನಡೆದಿದೆ ಎಂದು ನಾನು ಈ ವೇದಿಕೆಯಿಂದ ಹೇಳಿದರೆ ಕೆಲಸ ಜಲ್ದಿ ಆಗುತ್ತದೆಯಂತೆ. ಅದಕ್ಕೇ ನನ್ನನ್ನು ಕರೆದದ್ದು.

ಹೇಳುವುದಿಲ್ಲ, ಸರ್. ವಾಡಿಯಲ್ಲಿ ಬರೋಬರ್ ನಡೆದಿಲ್ಲ. ಸದರ್‌ಗೆ ಕಳಿಸಬೇಡಿ. ಕಳಿಸಲೇಬೇಕೆಂದರೆ ಮೊದಲು ಆ ನಂಬರ್ ಕೇಳುವ ಬಾಯಿ ಮುಚ್ಚಿಸಿ, ಬರೀ ನಲ್ಲಿ ಹಚ್ಚಿ.

ಇವತ್ತು ಬೆಳಿಗ್ಗೆ ಚಂಪಾ ಮಡಕೆಗಳನ್ನು ತಂದು ಯಂತ್ರದ ಮುಂದೆಯೇ ಇಟ್ಟಳು. ನನ್ನ ಹೆಸರು ಪೂರ್ತಿ ಮುಚ್ಚಿಹೋಗಿದೆ. ಸರ್, ಊಟಕ್ಕೆ ಮೊದಲು ನನ್ನ ಗಾಡಿಯಲ್ಲಿ ವಾಡಿಗೆ ಬನ್ನಿ, ಶಾಲು ಇಲ್ಲೇ ಇರಲಿ. ಚಂಪಾ ನಿಮಗೆ ನೀರು ಕೊಡುತ್ತಾಳೆ, ನಂಬರ್ ಕೇಳುವುದಿಲ್ಲ. ಬೇರೆ ಏನೇನು ಕೇಳುತ್ತಾಳೋ, ಅದಕ್ಕೆ ನಾನು ಜವಾಬ್ದಾರನಲ್ಲ.

ಸೆಕೆಯಲ್ಲೂ ಕೂತು ಕೇಳಿದ ನಿಮಗೆಲ್ಲ ಋಣಿ. ನಮಸ್ಕಾರ.