ಕಾಲು ಒತ್ತುತ್ತಿದ್ದ ಕೈ

ಇಪ್ಪತ್ತು ವರ್ಷ ಬಸ್ಸಿನಲ್ಲಿ ಊರವರ ಮಾತೆಲ್ಲ ಕೇಳಿದ ಕಂಡಕ್ಟರಮ್ಮನ ಕಿವಿ ಆಸ್ಪತ್ರೆಯಲ್ಲಿ ಮಾತ್ರ ಸುಮ್ಮನಿದ್ದೀತೇ? ನರದ ಪರೀಕ್ಷೆ ಮುಗಿಸಿ ಬಂದ ಮುದುಕ ಟೈಲರ್ ಅವಳ ಪಕ್ಕದಲ್ಲೇ ಕೂತ. ಅವನ ಮಗಳು ಕೆಳಗೆ ಕೂತು, ಪರೀಕ್ಷೆಗೆಂದು ಪಾದಕ್ಕೆ ಮೆತ್ತಿದ್ದ ಜೆಲ್ ಒರೆಸತೊಡಗಿದಳು.

"ಕರೆಂಟು ಕೊಟ್ಟಾಗ ನೋವಾಯ್ತೇನಪ್ಪಾ?"

"ಮೊಣಕಾಲ ಹತ್ರ ಚುರ್ ಅಂತು. ಪಾದದಲ್ಲಿ ಅಷ್ಟಾಗಿ ಗೊತ್ತಾಗ್ಲಿಲ್ಲ."

"ಇನ್ನೂ ಕೈ ಮೀರಿಲ್ಲ, ಹೆದರಬೇಡಿ ಅಂದ್ರಲ್ಲ ಡಾಕ್ಟ್ರು."

"ನರ ಮಂಕಾಗಿ ಎರಡು ವರ್ಷನಾದ್ರೂ ಆಗಿರಬೇಕು ಅಂತಲೂ ಅಂದ್ರು. ಆಗ ನಿಮ್ಮಮ್ಮ ಇದ್ಳು."

"ಹೌದು."

"ಹೊಲಿಗೆ ಮುಗಿಸಿ ಬಂದ್ರೆ ದಿನಾ ಕಾಲು ಒತ್ತೋಳು. ಒತ್ತಿದ್ದೇ ಗೊತ್ತಾಗ್ತಿರಲಿಲ್ಲ. ಕಾಟಾಚಾರಕ್ಕೆ ಒತ್ತಬೇಡ, ಎದ್ದು ಹೋಗು ಅಂತ ರೇಗ್ತಿದ್ದೆ."

ಮಗಳ ಕೈ ನಿಂತಿತು.

"ಅಮ್ಮ ಏನಂತಿದ್ಳು?"

"ಏನೂ ಅಂತಿರಲಿಲ್ಲ. ಮತ್ತೆ ಕೂತು ಒತ್ತೋಳು."

"ಬೆಳಿಗ್ಗೆ ಅವಳ ಬೆರಳೆಲ್ಲ ಊದಿರ್ತಿತ್ತಪ್ಪಾ. ನಿಮಗೆ ಹೇಳಬೇಡ ಅಂದಿದ್ಳು."

ಟೈಲರ್ ಥಟ್ಟನೆ ಪಾದ ಹಿಂದಕ್ಕೆಳೆದುಕೊಂಡ.

"ಬಿಡಮ್ಮಾ. ನನ್ನ ಕಾಲು ಮುಟ್ಟಬೇಡ."

ತಡಕಾಡುತ್ತ ತಾನೇ ಚಪ್ಪಲಿ ಮೆಟ್ಟಿಕೊಂಡು ಬಾಗಿಲ ಕಡೆ ನಡೆದ. ಜೆಲ್ ಮೆತ್ತಿದ ಕರ್ಚೀಫನ್ನು ಮುದುರಿ ಹಿಡಿದು ಮಗಳು ಹಿಂದೆಯೇ ಹೋದಳು.