ಐದು ಬೀಪ್

…ಅಯ್ಯೋ, ಕೂತ್ಕೊಳ್ಳೋ ಅಂದ್ರೆ! ಇನ್ಮೇಲೆ ಇದು ನಿನ್ನ ಕುರ್ಚಿ. ಮಾಲೀಕರನ್ನ ಒಪ್ಪಿಸೋಷ್ಟರಲ್ಲಿ ನನಗೆ ಸಾಕುಸಾಕಾಯ್ತು. ಯಾಕೆ ಆ ಕಡೇನೇ ನೋಡ್ತೀಯಾ? ಬ್ಲೇಡಿನ ಮೋಟಾರ್ ಆಫ್ ಮಾಡಿದೀನಿ. ಈ ಗಾಜಿನ ಗೂಡಲ್ಲಿ ಕೂತ್ರೆ ಕಾಗದ ಕತ್ತರಿಸೋ ಮೆಷಿನ್ ಕಣ್ಣಿಗೆ ಕಾಣುತ್ತೆ, ಅಷ್ಟೇ.

ಕೈ ಜೇಬಿಂದ ತೆಗಿ. ಭಾವನ ಮುಂದೆ ಎಂಥ ಸಂಕೋಚ? ಎರಡು ಬೆರಳು ತಾನೇ ಹೋಗಿದ್ದು… ತಪ್ಪಾಯ್ತು. ಹಾಗನ್ಬಾರ್ದಿತ್ತು.

ಇಲ್ಲಿ ಕೇಳು. ಆ ಮೆಷಿನ್ ನಡೆಸೋ ಪ್ರೋಗ್ರಾಂ ಡಾಸ್ ಕಾಲದ್ದು, ವಿಂಡೋಸ್‌ಗಿಂತ ಹಳೇದು. ಬರೆದ ಪುಣ್ಯಾತ್ಮ ಎಲ್ಲಿದಾನೋ! ನಾನು ಬಂದ ವರ್ಷಾನೇ ಅದರ ಹಳೇ ಕಂಪ್ಯೂಟರ್ ಸುಟ್ಟುಹೋಯ್ತು, ನಾನು ಈ ಕಂಪ್ಯೂಟರ್ ತಂದು ಕೂರಿಸ್ದೆ. ಇದೂ ಮುದುಕನೇ, ಆದ್ರೆ ಅದಕ್ಕಿಂತ ಹತ್ತಾರು ಪಟ್ಟು ವೇಗ. ಅದೇ ತಲೆನೋವು! ಪೆಡಲ್ ಒತ್ತಿದ್ರೆ ಐದು ಬೀಪ್, ಆಮೇಲೆ ಬ್ಲೇಡ್. ಅಷ್ಟರಲ್ಲಿ ಕಾಗದ ಸರಿಮಾಡಿ ಕೈ ತೆಗೀಬೇಕು… ನಿನಗೇನು ಹೇಳೋದು. ಆದ್ರೆ ಪ್ರೋಗ್ರಾಂ ಗಡಿಯಾರ ನೋಡಿ ಎಣಿಸಲ್ಲ ಕಣೋ, ಪ್ರೊಸೆಸರ್ ಎಷ್ಟು ವೇಗವಾಗಿ ಓಡುತ್ತೋ ಅಷ್ಟು ವೇಗವಾಗಿ ಎಣಿಸುತ್ತೆ! ಅದಕ್ಕೇ ಪ್ರೊಸೆಸರನ್ನ ನಿಧಾನ ಮಾಡೋ ಪ್ರೋಗ್ರಾಂ ಮೊದಲು ಹಾಕ್ಬೇಕು. ಓಡೋ ಕುದುರೆ ಕಾಲಿಗೆ ಹಗ್ಗ ಕಟ್ಟಿದ ಹಾಗೆ. ಕರೆಂಟ್ ಹೋಗಿ ಬಂದ್ರೆ ಮತ್ತೆ ಹಾಕ್ಬೇಕು. ನಾನು ಒಂದು ದಿನಾನೂ ಮರೆತಿಲ್ಲ. ಒಂದೇ ಒಂದು ದಿನಾನೂ!

ಯಾಕೆ ಹಾಗೆ ನೋಡ್ತೀಯಾ?

ಹನ್ನೊಂದು ವರ್ಷ ಕಣೋ ಈ ಗೂಡಲ್ಲಿ! ಜ್ವರ ಬಂದ್ರೂ ಇಲ್ಲೇ. ಅಪ್ಪ ಹೋದ ಮೂರನೇ ದಿನಾನೇ ಕರೆಸ್ಕೊಂಡ್ರು. "ನೀನಿಲ್ದೇ ಮೆಷಿನ್ ಇಲ್ಲ" ಅಂತಾರೆ. ಮೊದಮೊದಲು ಉಬ್ಬಿಹೋಗಿದ್ದೆ. ಈಗ ಉಸಿರು ಕಟ್ಟುತ್ತೆ… ಮನೆಗೆ ಹೋದ್ರೆ ನಿಮ್ಮಕ್ಕ. "ತಮ್ಮ ಯಾಕೆ ಅಷ್ಟು ಅವಸರ ಮಾಡ್ದ?" ದಿನಾ ಅದೇ ಪ್ರಶ್ನೆ! ನಾನೇನು ಹೇಳ್ಲಿ? ಗಮನ ಎಲ್ಲೋ ಇತ್ತೇನೋ ಅಂತೀನಿ.

ಗೊತ್ತು, ಗೊತ್ತು. ಒಂದೇ ಸದ್ದು ಬಂತು ಅಂತ ನೀನು ಆಸ್ಪತ್ರೆಯಲ್ಲಿ ಎಲ್ಲರಿಗೂ ಹೇಳ್ತಿದ್ದೆ. ಪಾಪ, ನೋವಿನಲ್ಲಿ ಹಾಗನ್ಸುತ್ತೆ. ಅದನ್ನ ಮನಸ್ಸಿಂದ ತೆಗೆದುಹಾಕು. ನೋಡು, ಆನ್ ಮಾಡ್ದೆ. ಕತ್ತರಿಸೋ ಪ್ರೋಗ್ರಾಂ ಬಂತು. ಈಗ ಪೆಡಲ್ ಬದಲು ಇಲ್ಲಿಂದಲೇ ಈ ಕೀ ಒತ್ತೀನಿ, ನೀನೇ ಎಣಿಸು. ಒಂದು…

ಕ್ರ್ರ್!

…

ಇಲ್ಲ, ಇಲ್ಲ, ತಾಳು! ಐದೂ ಬೀಪ್ ಒಂದೇ ಸದ್ದಾಗಿ… ಮಾತಾಡ್ತಾ ಮಾತಾಡ್ತಾ ಆ ನಿಧಾನ ಮಾಡೋ ಪ್ರೋಗ್ರಾಂ ಹಾಕೋದು… ಈಗ ಹಾಕ್ತೀನಿ. ಕೇಳಿಸ್ಕೋ. ಬೀಪ್, ಬೀಪ್… ಕೇಳ್ತಾ? ಸರಿಯಾಗಿ ಐದು!

ಯಾಕೆ ಎದ್ದೆ?

ಅಷ್ಟು ಹೊತ್ತು ನನ್ನ ಮುಖಾನೇ ನೋಡ್ಬೇಡ.

…ಹೌದು. ಅವತ್ತು ಕರೆಂಟ್ ಹೋಗಿ ಬಂತಲ್ಲ. ಯಾರೋ ಬಾಗಿಲಲ್ಲಿ ನಿಂತು ಮಾತಾಡಿಸ್ತಿದ್ರು… ಹೀಗೇ. ಹೀಗೇ ಆಯ್ತು. ಆ ಪ್ರೋಗ್ರಾಂ ತಾನಾಗೇ ಶುರುವಾಗೋ ಹಾಗೆ ಮಾಡೋಕೆ ಕಂಪ್ಯೂಟರಲ್ಲಿ ಒಂದು ಸಾಲು ಬರೆದಿದ್ರೆ ಸಾಕಿತ್ತು ಕಣೋ. ಹನ್ನೊಂದು ವರ್ಷ ಬರೀಲಿಲ್ಲ. ಬರೆದಿದ್ರೆ ನನ್ನನ್ನ ಯಾರು ಕೇಳ್ತಿದ್ರು?

ಬೈಯೋ! ಹೊಡಿ ಬೇಕಾದ್ರೆ! ಕುರ್ಚಿ ಯಾಕೆ ನನ್ನ ಕಡೆ ತಳ್ತೀಯಾ? ಬೇಡ ಕಣೋ, ನನಗೆ ಬೇಡ ಇದು… ಎಲ್ಲಿಗೆ ಹೊರಟೆ? ಅಕ್ಕನ ಹತ್ರಾನಾ? ನಿಲ್ಲು, ನಾನೇ ಬಂದು ಹೇಳ್ತೀನಿ. ನೀನು ಅವಸರ ಮಾಡ್ಲಿಲ್ಲ ಅಂತ ಹೇಳ್ತೀನಿ. ಭಾವ ಒಳಗೆ ಕೂತಿದಾನೆ, ಐದು ಬೀಪ್ ಇದ್ದೇ ಇರುತ್ತೆ ಅಂತ ನಂಬಿ ಕೈ ಇಟ್ಟೆ ಅಂತ…