ಅಲಾಯ್ಸ ಚಿಕ್ಕಮ್ಮನ ಕೋಳಿ

ಬಾಗಿಲು ಹಾಕ್ಕೊಂಡು ಬನ್ನಿ. ಗೋಡೆಗೂ ಕಿವಿ ಇರೋ ಕಾಲ... ಇದು ನನ್ನ ದೊಡ್ಡಪ್ಪನ ಮಗ ಪೋನ್ಸ್‌ಗೆ ಆದದ್ದು. ಅವನೇ ಹೇಳಿದ್ದು.

ತುಲೂಸ್ ದಾರಿಯಲ್ಲಿ, ಕತ್ತಲಲ್ಲಿ, ಒಬ್ಬನೇ ಮನೆಗೆ ಬರುತ್ತಿದ್ದ. ಅಲಾಯ್ಸ ಚಿಕ್ಕಮ್ಮನ ಬಾವಿ ಹತ್ತಿರ ಸದ್ದು... ಕೊಕ್. ಆಮೇಲೆ ನೀರು ತೊಟ್ಟಿಕ್ಕುವ ಟಪ್, ಟಪ್. ಮತ್ತೆ ಕೊಕ್... ಬಾವಿಯೊಳಗಿಂದ.

ಚಿಕ್ಕಮ್ಮ ನಮ್ಮಿಬ್ಬರನ್ನೂ ಎತ್ತಿ ಆಡಿಸಿದವಳು. ಮಾಂಸ ಮುಟ್ಟುತ್ತಿರಲಿಲ್ಲ, ಪಾದ್ರಿಗೆ ಬಗ್ಗುತ್ತಿರಲಿಲ್ಲ. ಪಾದ್ರಿಗಳ ಲೆಕ್ಕದಲ್ಲಿ ಪಾಷಂಡಿ, ಧರ್ಮದ್ರೋಹಿ. ಅವಳ ದ್ರಾಕ್ಷಿತೋಟದ ಮೇಲೆ ಪೋನ್ಸ್‌ಗೆ ಕಣ್ಣು. ಪಾದ್ರಿಯ ಕಿವಿ ಕಚ್ಚಿದ. ಅಂಗಿಯ ಎದೆಗೆ ಶಿಲುಬೆ ಹೊಲಿಸಿಕೊಂಡ ನಲವತ್ತು ಸವಾರರು ಬಂದರು. ಅವರ ಪರೀಕ್ಷೆ ಗೊತ್ತಲ್ಲ: ಕೈಗೆ ಕೋಳಿ ಕೊಟ್ಟು ‘ಕತ್ತು ಮುರಿ’ ಅನ್ನುವುದು. ಮುರಿಯದವರು ಪಾಷಂಡಿ.

“ಇದರ ತಪ್ಪೇನಪ್ಪಾ?” ಅಂದಳು. ಅಷ್ಟೇ. ಸುಟ್ಟರು.

“ಕೋಳಿ ಕತ್ತು ಮುರಿಯಲಾರದವಳಿಗೆ ನಲವತ್ತು ಕತ್ತಿ ಬೇಕಿತ್ತೇನೋ?” ಅಂತ ಪೋನ್ಸ್‌ನ ಕೇಳಿದೆ.

“ಕೊಳೆತ ಬೆರಳು ಕಡೀದಿದ್ರೆ ಕೈಯೇ ಹೋಗುತ್ತೆ. ಪಾದ್ರಿ ಹೇಳಿದ್ದು,” ಅಂದ. ಆ ಕೋಳಿಯನ್ನು ಅವತ್ತೇ ಬೇಯಿಸಿ ತಿಂದ. ಬಿಳಿ ಕೋಳಿ, ಎಡಗಾಲಲ್ಲಿ ಒಂದು ಬೆರಳಿರಲಿಲ್ಲ. ಎಲುಬನ್ನು ಅವಳ ಬಾವಿಗೇ ಎಸೆದ.

ಈಗ ಅದೇ ಬಾವಿಯ ಬಳಿ ಒದ್ದೆ ಕೈಯೊಂದು ಅವನ ಬೆರಳುಗಳನ್ನು ಬಿಡಿಸಿತು... ಒಂದೊಂದಾಗಿ. ಲಟಕ್. ಲಟಕ್.

“ಮಗಾ...”

“ಚಿಕ್ಕಮ್ಮಾ, ಕೊಲ್ಲಬೇಡ...”

“ನಾನು ಯಾರನ್ನೂ ಕೊಲ್ಲಲ್ಲ. ನಿಂಗೊತ್ತಲ್ಲ...”

ಅವತ್ತಿನಿಂದ ಅವನ ಬೆರಳು ಮಡಚಲಿಲ್ಲ. ಊರಿಗೆ ಹೇಳಲು ಹೆದರಿ ನನ್ನೊಬ್ಬನ ಹತ್ತಿರ ಅತ್ತ. “ಈಸ್ಟರ್‌ಗೆ ಸವಾರರು ಮತ್ತೆ ಬರ್ತಾರಂತೆ ಕಣೋ. ಎಲ್ಲರ ಕೈಗೂ ಕೋಳಿ ಕೊಡ್ತಾರಂತೆ. ನನ್ನ ಬೆರಳು ಮಡಚಲ್ಲ ಅಂತ ನೀನೇ ಸಾಕ್ಷಿ ಹೇಳ್ಬೇಕು.”

“ಹೇಳ್ತೀನಿ ಬಿಡು,” ಅಂದೆ.

ಬಂದರು. ನಾನು ಮುರಿದೆ, ಕಟಕ್. ಜೀವದಾಸೆ, ಸುಳ್ಳೇಕೆ ಹೇಳಲಿ? ಪೋನ್ಸ್‌ನ ಸರದಿ ಬಂತು. ಕೋಳಿಯನ್ನು ಮೊಣಕೈಯಲ್ಲಿ ಅವುಚಿಕೊಂಡು ನಿಂತ.

“ಮುರಿ!”

“ಬೆರಳು ಮಡಚಲ್ಲ ಸ್ವಾಮಿ! ಇವನನ್ನ ಕೇಳಿ!”

ಸವಾರರ ದಂಡನಾಯಕ ನನ್ನ ಕಡೆ ತಿರುಗಿದ. ನಾನು ಬಾಯಿ ಬಿಡಲಿಲ್ಲ.

“ಪಾಷಂಡಿಗಳ ಬೆರಳು ಯಾವತ್ತೂ ಮಡಚಲ್ಲ,” ಅಂತ ನಕ್ಕ ದಂಡನಾಯಕ. ಪೋನ್ಸ್‌ನನ್ನು ಎಳೆದೊಯ್ದರು. ಚಿಕ್ಕಮ್ಮನನ್ನು ಸುಟ್ಟ ಜಾಗದಲ್ಲೇ ಸುಟ್ಟರು. ಪಶ್ಚಾತ್ತಾಪವೇ? ನನ್ನ ಹೊಟ್ಟೆ ತಣ್ಣಗಾಯಿತು.

ಒಂದೇ ಒಂದು ಮಾತು. ನಂಬಿದರೆ ನಂಬಿ, ಬಿಟ್ಟರೆ ಬಿಡಿ, ನಾನು ಪಕ್ಕದಲ್ಲೇ ನಿಂತಿದ್ದೆ. ತಿಂಗಳಿಂದ ಮಳೆ ಇರಲಿಲ್ಲ. ಸವಾರರ ಬುಟ್ಟಿಯಿಂದ ತೆಗೆದು ಅವನಿಗೆ ಕೊಟ್ಟ ಬಿಳಿ ಕೋಳಿಯ ರೆಕ್ಕೆಯಿಂದ ನೀರು ತೊಟ್ಟಿಕ್ಕುತ್ತಿತ್ತು... ಟಪ್, ಟಪ್. ಎಡಗಾಲಲ್ಲಿ ಒಂದು ಬೆರಳಿರಲಿಲ್ಲ.